ಬಡತನ ಓದಲಿಕ್ಕೆ ಬೆಂಗಳೂರಿಗೆ

ಡಾಕ್ಟರಿ, ಇಂಜಿನಿಯರಿಂಗು, ಬಿ.ಎಡ್., ಬ್ಯಾಂಕಿನ ಪರೀಕ್ಷೆ. ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂತೆಂದರೆ ಈ ನಾಲ್ಕನ್ನು ದಾಟಿ ಐದನೆಯದು ಬರುವುದೇ ಇಲ್ಲ. ಹುಡುಗಿಯಾದರೆ ಬಿ.ಎಡ್. ಮೊದಲಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಹೀಗಿರುವಾಗ ಶಹಾಬಾದಿನ ನಮ್ಮ ಅಕ್ಕನ ಮಗಳು 2018ರಲ್ಲಿ ಬಿ.ಎ. ಮುಗಿಸಿಕೊಂಡು, "ನಾ ಬೆಂಗ್ಳೂರಿಗಿ ಹೋಗಿ ನಗರದ ಬಡತನದ ಬಗ್ಗೆ ಓದ್ತೀನಿ, ಅದಕ್ಕ ಫೆಲೋಶಿಪ್ ಅಂತಾರ" ಎಂದಾಗ ಮನೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ತೊಗರಿಬೇಳೆ ಆರಿಸುತ್ತಿದ್ದ ನಮ್ಮವ್ವ ಮಾತ್ರ ಮೊರ ಕೆಳಗಿಡದೆ, "ಬಡತನ ನೋಡ್ಲಾಕ ಬೆಂಗ್ಳೂರಿಗಿ ಯಾಕ ಹೋಗ್ಬೇಕು? ನಮ್ಮ ಓಣ್ಯಾಗ ಇಲ್ಲೇನು?" ಎಂದಳು.

ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ಈ ಫೆಲೋಶಿಪ್ಪಿನ ವಿಚಾರವನ್ನು ನನಗೆ ತಿಳಿದಷ್ಟು ನಿಮ್ಮ ಮುಂದೆ ಇಡಬೇಕೆಂದು ಕುಳಿತಿದ್ದೂ ಆ ಪ್ರಶ್ನೆಯ ದೆಸೆಯಿಂದಲೇ.

ಸ್ಕಾಲರ್‌ಶಿಪ್ ಎಂದರೆ ನಮಗೆಲ್ಲ ಗೊತ್ತು, ಓದುವವರಿಗೆ ಕೊಡುವ ಹಣ. ಫೆಲೋಶಿಪ್ ಸ್ವಲ್ಪ ಬೇರೆ. ಒಂದು ಸಂಸ್ಥೆಯವರು ಬೇರೆ ಬೇರೆ ಊರಿನ, ಬೇರೆ ಬೇರೆ ವಿಷಯ ಓದಿದ ಯುವಕ ಯುವತಿಯರನ್ನು ಆರಿಸಿಕೊಂಡು, ಕೆಲವು ತಿಂಗಳು ಒಟ್ಟಿಗೆ ಇಟ್ಟು, ಪಾಠವನ್ನೂ ಹೇಳಿ ಓಣಿ ಓಣಿ ತಿರುಗಿಸಿ ಕೆಲಸವನ್ನೂ ಕಲಿಸುತ್ತಾರೆ. ಕೆಲವು ಕಡೆ ತಿಂಗಳಿಗೆ ಇಷ್ಟೆಂದು ಹಣ ಕೊಡುವುದುಂಟು. ಕೆಲವು ಕಡೆ ನಾವೇ ಶುಲ್ಕ ಕಟ್ಟಬೇಕು, ಅನುಕೂಲವಿಲ್ಲದವರಿಗೆ ರಿಯಾಯಿತಿ ಇರುತ್ತದೆ. ನಮ್ಮ ಹುಡುಗಿ ಅರ್ಜಿ ಹಾಕಿದ್ದು ಬೆಂಗಳೂರಿನ ಸದಾಶಿವನಗರದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್ ಎಂಬ ಸಂಸ್ಥೆ 2016ರಲ್ಲಿ ಆರಂಭಿಸಿದ ಅರ್ಬನ್ ಫೆಲೋಸ್ ಪ್ರೋಗ್ರಾಮಿಗೆ. ಅಲ್ಲಿ ಮನೆ, ನೀರು, ಜಾಗ, ಕೂಲಿ, ನಗರದ ಆಡಳಿತ ಇವನ್ನೆಲ್ಲ ಒಟ್ಟಿಗೆ ಕಲಿಸುತ್ತಾರೆ. ಇಂಜಿನಿಯರಿಂಗ್ ಓದಿದವರೂ, ವಕೀಲಿ ಓದಿದವರೂ, ನಮ್ಮವಳಂತೆ ಬರೀ ಬಿ.ಎ. ಓದಿದವರೂ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಶುಲ್ಕದಲ್ಲಿ ಅವಳಿಗೆ ರಿಯಾಯಿತಿ ಸಿಕ್ಕಿತು. ಉಳಿದದ್ದಕ್ಕೆ ಅಕ್ಕ ತನ್ನ ಎರಡು ಬಳೆ ಬ್ಯಾಂಕಿನಲ್ಲಿಟ್ಟಳು. ಬಂಗಾರದ ಮಾತು ಬಂದ ಮೇಲೆ ಭಾವನವರೂ ಸುಮ್ಮನಿರಲಾಗಲಿಲ್ಲ.

ಭಾವನವರ ತಕರಾರು ಮೊದಲಿನಿಂದಲೂ ಇತ್ತು. "ಪಬ್ಲಿಕ್ ಪಾಲಿಸಿ ಅಂದ್ರ ಎಲ್.ಐ.ಸಿ. ಪಾಲಿಸಿ ಮಾರೋ ಕೆಲಸೇನವ್ವ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ಇಂದಿಗೂ ಗೊತ್ತಿಲ್ಲ. ಆದರೆ ಶಬ್ದ ದೊಡ್ಡದಾಯಿತೇ ಹೊರತು ಸಂಗತಿ ನಮ್ಮ ಅಡಿಗೆಮನೆಯದೇ. ಸರಕಾರ ಯಾರಿಗೆ ಏನನ್ನು, ಯಾವ ಷರತ್ತಿನ ಮೇಲೆ ಕೊಡಬೇಕೆಂದು ಗೊತ್ತುಮಾಡುವುದಕ್ಕೆ ನೀತಿ ಎನ್ನುತ್ತಾರೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಬಂದಾಗ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರ ಖಾತೆಗೆ 2,000 ರೂಪಾಯಿ ಎಂದಾಯಿತು. ಕಾಗದದ ಮೇಲಿನ ಆ ಒಂದು ಸಾಲಿನಿಂದ ಎಷ್ಟು ಮನೆಗಳಲ್ಲಿ ಅತ್ತೆ-ಸೊಸೆಯರ ನಡುವೆ ಮಾತು ನಿಂತುಹೋಯಿತು, ಎಷ್ಟು ಮನೆಗಳಲ್ಲಿ ಮೊದಲ ಸಲ ಹೆಂಗಸಿನ ಕೈಗೆ ದುಡ್ಡು ಬಂತು, ನೀವೇ ನೋಡಿದ್ದೀರಿ. ಅದೇ ವರ್ಷ ಜೂನಿನಲ್ಲಿ ಬಂದ ಶಕ್ತಿ ಯೋಜನೆಯೂ ಹಾಗೆಯೇ. ಬಸ್ಸಿನಲ್ಲಿ ಟಿಕೆಟ್ ಬೇಡ ಎಂದರು, ಸಂತೋಷ. ಆದರೆ ಬಸ್ಸೇ ಬಾರದ ತಾಂಡಾದವಳಿಗೆ ಅದು ಏನು ಕೊಟ್ಟಿತು? ಇಂಥ ಪ್ರಶ್ನೆ ಕೇಳುವುದನ್ನು ಕಲಿಸುವ ಓದು ಇದು. ಇದಕ್ಕೂ ಒಂದು ಓದು ಬೇಕೇ ಎಂದರೆ, ಬೇಕು. ಕೇಳುವುದು ನಮಗೂ ಬರುತ್ತದೆ, ಕಟ್ಟೆಯ ಮೇಲೆ ಕೂತು ದಿನಾ ಕೇಳುತ್ತೇವೆ. ಉತ್ತರ ಬರುವ ಜಾಗದಲ್ಲಿ ಕೇಳುವುದು ಬೇರೆ ವಿದ್ಯೆ.

"ಕಲ್ತು ಏನ್ ಮಾಡ್ತಾರ?" ಎಂದು ಭಾವನವರು ಇನ್ನೊಂದು ದಿನ ಹಿಡಿದರು. ಹುಡುಗಿ ಆಗ ಇಂಗ್ಲೆಂಡಿನ ಒಂದು ಕಥೆ ಹೇಳಿದಳು. ಲಂಡನ್ ಪಟ್ಟಣದ ಪೂರ್ವ ಭಾಗ ಒಂದು ಕಾಲಕ್ಕೆ ಕಡುಬಡವರ ಕೇರಿ. ಅಲ್ಲಿ 1884ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿ ಮತ್ತು ಅವನ ಹೆಂಡತಿ ಹೆನ್ರಿಯೆಟ್ಟಾ ಸೇರಿ ಟಾಯ್ನ್‌ಬಿ ಹಾಲ್ ಎಂಬ ಮನೆ ಕಟ್ಟಿದರು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದ ಹುಡುಗರು ಬಂದು ಆ ಕೇರಿಯಲ್ಲೇ ವಾಸವಿದ್ದು ಬಡವರ ಬದುಕನ್ನು ಕಣ್ಣಾರೆ ನೋಡಬೇಕು ಎಂಬುದು ಉದ್ದೇಶ. ಹಾಗೆ ಹೋಗಿ ಇದ್ದವರಲ್ಲಿ ವಿಲಿಯಂ ಬೆವರಿಜ್ ಒಬ್ಬ, ಕ್ಲೆಮೆಂಟ್ ಆಟ್ಲಿ ಒಬ್ಬ. ಮುಂದೆ 1942ರಲ್ಲಿ ಬೆವರಿಜ್ ಬರೆದ ವರದಿಯ ಮೇಲೆ ಅಲ್ಲಿನ ಪಿಂಚಣಿ, ನಿರುದ್ಯೋಗಿಗಳ ಭತ್ಯೆ ಎಲ್ಲ ನಿಂತವು. ಆಟ್ಲಿ 1945ರಲ್ಲಿ ಪ್ರಧಾನಿಯಾದ. 1948ರಲ್ಲಿ ಅಲ್ಲಿ ಎಲ್ಲರಿಗೂ ಪುಕ್ಕಟೆ ಆಸ್ಪತ್ರೆ ಬಂತು. ನಮಗೆ ಸ್ವಾತಂತ್ರ್ಯ ಬಂದಾಗ ಅಲ್ಲಿ ಪ್ರಧಾನಿಯಾಗಿದ್ದವನೂ ಅವನೇ. ಭಾವನವರು ಎಲ್ಲ ಕೇಳಿ, "ಹಂಗಾದ್ರ ನೀ ಪ್ರಧಾನಮಂತ್ರಿ ಆಗ್ಲಾಕ ಹೊಂಟಿ ಅನ್ನು" ಎಂದು ಎದ್ದುಹೋದರು. ಮಾರನೇ ವಾರ ವಾಡಿ ಜಂಕ್ಷನ್ನಿಗೆ ತಾವೇ ಬಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿದರು. ಶೇಂಗಾದ ಹಿಂಡಿ, ಸಜ್ಜಿರೊಟ್ಟಿಯ ಡಬ್ಬಿ ತೆಗೆದುಕೊಂಡು ನಾನೂ ಸೇಡಮ್ಮಿನಿಂದ ಹೋಗಿದ್ದೆ.

ಆ ರೈಲಿನ ಜನರಲ್ ಡಬ್ಬಿಯನ್ನು ನೀವು ನೋಡಬೇಕು. ಪಾತ್ರೆಯ ಚೀಲ, ಹಾಸಿಗೆಯ ಸುರುಳಿ, ಬುತ್ತಿಯ ಗಂಟು, ಕಂಕುಳಲ್ಲೊಂದು ಕೂಸು. ಚಿಂಚೋಳಿಗೆ ರೈಲಿಲ್ಲ, ಆ ಕಡೆಯವರು ಬಸ್ಸಿನಲ್ಲಿ ಬಂದು ಇಲ್ಲಿ ಹತ್ತುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಕೆಲಸವಿರುವುದಿಲ್ಲ. ಒಂದಿಷ್ಟು ಜನ ಮುಂಬಯಿ, ಪುಣೆ, ಒಂದಿಷ್ಟು ಜನ ಹೈದರಾಬಾದು, ಬೆಂಗಳೂರು ಎಂದು ಹೊರಡುತ್ತಾರೆ. ಅಂದರೆ ಬಡತನ ಓದುವ ಹುಡುಗಿಯೂ, ಅವಳು ಓದಬೇಕಾದವರೂ ಒಂದೇ ಗಾಡಿಯಲ್ಲಿ ಬೆಂಗಳೂರಿಗೆ ಹೋದರು. ಡಬ್ಬಿ ಮಾತ್ರ ಬೇರೆ.

ಅಲ್ಲಿ ಕಲಿತದ್ದನ್ನು ಅವಳು ಫೋನಿನಲ್ಲಿ ನನಗೆ ಹೇಳುತ್ತಿದ್ದಳು. ಅಕ್ಕನಿಗೆ ಹೇಳಿದರೆ "ಊಟ ಮಾಡಿದಿ?" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ನಾನೂ ಹೈಸ್ಕೂಲು ದಾಟಿದವಳಲ್ಲ, ಆದರೆ ಲೆಕ್ಕದ ಮಾತೆಂದರೆ ನನಗೆ ಕಿವಿ ನೆಟ್ಟಗಾಗುತ್ತದೆ.

ಪಟ್ಟಣ ಎಂದರೆ ಏನು, ಗೊತ್ತೇ? ಪುರಸಭೆ, ನಗರಸಭೆ ಇದ್ದ ಊರು ಪಟ್ಟಣ, ಸರಿ. ಅದಿಲ್ಲದಿದ್ದರೂ ಜನಗಣತಿಯವರು ಒಂದು ಊರನ್ನು ಪಟ್ಟಣ ಎನ್ನಬೇಕಾದರೆ ಅಲ್ಲಿ ಕನಿಷ್ಠ 5,000 ಜನ ಇರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಒಕ್ಕಲುತನ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಗಂಡಸರಲ್ಲಿ! ಹೆಂಗಸರು ಏನು ಮಾಡುತ್ತಾರೆಂಬುದು ಊರು ಪಟ್ಟಣವೋ ಹಳ್ಳಿಯೋ ಎನ್ನುವ ಲೆಕ್ಕಕ್ಕೆ ಬೇಕಾಗಿಲ್ಲ. ಇದನ್ನು ನಮ್ಮ ಓಣಿಯ ನಾಲ್ಕು ಜನಕ್ಕೆ ಹೇಳಿದೆ. ಒಬ್ಬಳು, "ಹೌದಲ್ಲ, ನಾವು ಊರಾಗ ಇದ್ದಂಗೂ ಇಲ್ಲ" ಎಂದಳು.

ಇನ್ನು ಬಡವರು ಎಂದರೆ ಯಾರು? 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಒಂದು ಲೆಕ್ಕ ಕೊಟ್ಟಿತ್ತು. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವರು ಬಡವರಲ್ಲ ಎಂದು. ಐದು ಜನರ ಪಟ್ಟಣದ ಸಂಸಾರಕ್ಕೆ ತಿಂಗಳಿಗೆ 4,824 ರೂಪಾಯಿ. ಊಟ, ಬಟ್ಟೆ, ಔಷಧಿ, ಓದು ಎಲ್ಲ ಅದರಲ್ಲೇ. ಆಗ ದೇಶದಲ್ಲೆಲ್ಲ ದೊಡ್ಡ ಗದ್ದಲವಾಯಿತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಸ್ವಾರಸ್ಯದ ಸಂಗತಿ ನಡೆದಿತ್ತು. ಅಮೆರಿಕದಲ್ಲಿ ಓದಿ ಬಂದು ಆಧಾರ್ ಯೋಜನೆಯಲ್ಲಿ ಕೆಲಸಕ್ಕಿದ್ದ ಇಬ್ಬರು ಯುವಕರು, ದೇಶದ ಸರಾಸರಿ ಮನುಷ್ಯನ ವರಮಾನದಲ್ಲಿ ತಾವು ಬದುಕಿ ನೋಡೋಣ ಎಂದು ಹೊರಟರು. ದಿನಕ್ಕೆ 150 ರೂಪಾಯಿ, ಅದರಲ್ಲಿ ಬಾಡಿಗೆ ಕಳೆದು ಕೈಗೆ 100. ಅದೂ ಮುಗಿದ ಮೇಲೆ ಕೇರಳದ ಒಂದು ಹಳ್ಳಿಗೆ ಹೋಗಿ 26 ರೂಪಾಯಿಯಲ್ಲಿ ಬದುಕಿದರು. ಕುಚ್ಚಲಕ್ಕಿ, ಗೆಡ್ಡೆ, ಬಾಳೆಹಣ್ಣು, ಹಾಲಿಲ್ಲದ ಚಹಾ. ಸಾಬೂನಿನಲ್ಲೂ ಉಳಿತಾಯ. ಬೆಳಗಿನಿಂದ ಸಂಜೆಯವರೆಗೆ ತಲೆಯಲ್ಲಿ ಊಟದ ಯೋಚನೆಯೊಂದೇ ಇರುತ್ತಿತ್ತೆಂದು ಆಮೇಲೆ ಹೇಳಿಕೊಂಡರು. ಒಳ್ಳೆಯ ಹುಡುಗರು, ನನಗೆ ಅವರ ಮೇಲೆ ಗೌರವವಿದೆ. ಆದರೆ ಒಂದು ಮಾತು. ಅವರಿಗೆ ಕೆಲವು ವಾರದಲ್ಲಿ ಮುಗಿಯುತ್ತದೆಂದು ಗೊತ್ತಿತ್ತು. ತಿಂಗಳ ಕೊನೆಯಲ್ಲಿ ಎಣ್ಣೆ ಡಬ್ಬಿ ಬಗ್ಗಿಸಿ ನೋಡುವವಳಿಗೆ ಯಾವಾಗ ಮುಗಿಯುತ್ತದೆಂದು ಗೊತ್ತಿರುವುದಿಲ್ಲ. ಬಡತನದ ಭಾರ ಅರ್ಧ ಅದೇ.

ಈಗಿನ ಲೆಕ್ಕ ಬೇರೆಯಾಗಿದೆ. ಸರಕಾರದವರು 2023ರ ಆಗಸ್ಟಿನಿಂದ 2024ರ ಜುಲೈವರೆಗೆ ಮಾಡಿದ ಮನೆಖರ್ಚಿನ ಸಮೀಕ್ಷೆಯಲ್ಲಿ ದೇಶದ ಪಟ್ಟಣಗಳಲ್ಲಿ ಒಬ್ಬರಿಗೆ ತಿಂಗಳಿಗೆ ಸರಾಸರಿ 6,996 ರೂಪಾಯಿ, ಹಳ್ಳಿಗಳಲ್ಲಿ 4,122 ರೂಪಾಯಿ ಖರ್ಚು ಬಂದಿದೆ. ಸರಾಸರಿ ಎಂಬುದು ಮಾತ್ರ ಬಹಳ ಜಾಣ ಶಬ್ದ. ಒಬ್ಬಳು ನಾಲ್ಕು ರೊಟ್ಟಿ ತಿಂದು ಇನ್ನೊಬ್ಬಳು ಉಪವಾಸವಿದ್ದರೂ ಇಬ್ಬರೂ ಎರಡೆರಡು ತಿಂದರೆಂದೇ ಅದು ಹೇಳುತ್ತದೆ.

ಬೆಂಗಳೂರಿನ ಕೊಳೆಗೇರಿ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಸಿನೆಮಾದಲ್ಲಿ ತೋರಿಸುವ ಇಕ್ಕಟ್ಟಿನ ಓಣಿ. ಅವಳು ಇನ್ನೊಂದು ಬಗೆಯದನ್ನು ಹೇಳಿದಳು. ದೊಡ್ಡ ದೊಡ್ಡ ಕಟ್ಟಡ ಏಳುವ ಕಡೆ ಪಕ್ಕದ ಖಾಲಿ ಜಾಗದಲ್ಲಿ ಗಳ ನೆಟ್ಟು ನೀಲಿ ತಾಡಪತ್ರಿ ಹೊದಿಸಿದ ಗುಡಿಸಲುಗಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅನಿರುದ್ಧ ಕೃಷ್ಣ ಅವರು, ಕನ್ನಡದ ಕಥೆಗಾರರೂ ಆದ ಬೆಂಗಳೂರಿನ ಪ್ರೊಫೆಸರ್ ಎಂ.ಎಸ್. ಶ್ರೀರಾಮ್ ಮತ್ತು ಪೂರ್ಣಿಮಾ ಪ್ರಕಾಶ್ ಅವರೊಂದಿಗೆ ಸೇರಿ ಈ ಬಗ್ಗೆ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ಬೆಂಗಳೂರಿನ ಮೇಲೆ ಅಲ್ಲಲ್ಲಿ ನೀಲಿ ತೇಪೆ ಹಚ್ಚಿದಂತೆ ಕಾಣುತ್ತದಂತೆ. ಅಲ್ಲಿರುವವರು ಉತ್ತರ ಕರ್ನಾಟಕದ ಮಳೆ ಕಡಿಮೆಯ ಜಿಲ್ಲೆಗಳಿಂದ ಹೊಸದಾಗಿ ಹೋದವರು. ಸರಕಾರದ ಕೊಳೆಗೇರಿ ಪಟ್ಟಿಯಲ್ಲಿ ಈ ಜಾಗಗಳ ಹೆಸರಿಲ್ಲ. ನಮ್ಮ ರಾಜ್ಯದಲ್ಲಿ 1973ರ ಕೊಳೆಗೇರಿ ಕಾನೂನಿನ ಪ್ರಕಾರ ಒಂದು ಜಾಗವನ್ನು ಕೊಳೆಗೇರಿ ಎಂದು ಘೋಷಣೆ ಮಾಡಬೇಕು. ಆಮೇಲೆ ನೀರು, ದೀಪ, ಹಕ್ಕುಪತ್ರದ ಮಾತು. ಘೋಷಣೆ ಆಗದಿದ್ದರೆ ಆಕಾಶದಿಂದ ಕಂಡರೂ ಕಚೇರಿಗೆ ಕಾಣುವುದಿಲ್ಲ.

ಅಂಥ ಒಂದು ಜಾಗಕ್ಕೆ ಅವಳನ್ನೂ ಗೆಳತಿಯರನ್ನೂ ಕಳಿಸಿದರು. ಜೊತೆಗಿದ್ದ ಹುಡುಗಿಯರು ಇಂಗ್ಲಿಷಿನವರು, ಹಿಂದಿಯವರು. ಪ್ರಶ್ನೆಯ ಕಾಗದ ಹಿಡಿದು ನಿಂತಿದ್ದಾಗ ಒಳಗಿನಿಂದ ಒಬ್ಬ ಹೆಣ್ಣುಮಗಳು ಮಗುವಿಗೆ, "ಅಳಬ್ಯಾಡ, ನಿಮ್ಮಪ್ಪ ಬರ್ತಾನ್ ತಡಿ" ಎಂದದ್ದು ಕೇಳಿ ನಮ್ಮವಳು, "ಯವ್ವಾ, ನೀ ಯಾವೂರಾಕಿ?" ಎಂದಳಂತೆ. ಚಿಂಚೋಳಿ ತಾಲೂಕಿನ ತಾಂಡಾದವಳು. ಆಮೇಲೆ ಕಾಗದವನ್ನು ಬದಿಗಿಟ್ಟು ಇಬ್ಬರೂ ಮಾತಿಗೆ ಕೂತರು. ಗುಡಿಸಲಿದ್ದ ಜಾಗಕ್ಕೂ ಬಾಡಿಗೆ ಕೊಡಬೇಕು. ನೀರು ಬಿಂದಿಗೆಯ ಲೆಕ್ಕದಲ್ಲಿ ಕೊಳ್ಳಬೇಕು. ಆಕೆ ವಾರಕ್ಕೆ ನೀರಿಗೆ ಕೊಡುತ್ತಿದ್ದದ್ದು ಸೇಡಮ್ಮಿನಲ್ಲಿ ನಾನು ತಿಂಗಳಿಗೆ ನಲ್ಲಿಗೆ ಕಟ್ಟುವುದಕ್ಕಿಂತ ಹೆಚ್ಚು. ರೇಷನ್ ಕಾರ್ಡು ಊರಿನಲ್ಲಿ ಅತ್ತೆಯ ಹತ್ತಿರ, ಯಾಕೆಂದರೆ ಇನ್ನಿಬ್ಬರು ಮಕ್ಕಳು ಅತ್ತೆಯ ಹತ್ತಿರವೇ ಇದ್ದಾರೆ. ಹೀಗಾಗಿ ಇಲ್ಲಿ ಅಕ್ಕಿ, ಹಿಟ್ಟು ಅಂಗಡಿಯಲ್ಲಿ ಕೊಳ್ಳಬೇಕು. ಓಟಿನ ಚೀಟಿಯೂ ಊರಿನದೇ, ಅದಕ್ಕೇ ಓಟು ಕೇಳಲಿಕ್ಕೂ ಅಲ್ಲಿಗೆ ಯಾರೂ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು, ಕೂಲಿ ಊರಿನದಕ್ಕಿಂತ ಹೆಚ್ಚೇ ಬರುತ್ತಿತ್ತು. ಬಂದದ್ದು ನೀರು, ಬಾಡಿಗೆ, ಕಟ್ಟಿಗೆ ಎಂದು ಅಲ್ಲೇ ಸೋರಿಹೋಗುತ್ತಿತ್ತು. ಆಕೆಯ ಆದಾಯವನ್ನಷ್ಟೇ ಬರೆದುಕೊಂಡು ಹೋದರೆ ಆಕೆ ಬಡವಳೇ ಅಲ್ಲ!

ಆ ರಾತ್ರಿ ಫೋನು ಮಾಡಿ ನಮ್ಮ ಹುಡುಗಿ ಬಹಳ ಹೊತ್ತು ಅತ್ತಳು. "ಸಣ್ಣವ್ವ, ಅಮ್ಮ ಕೇಳಿದ್ದು ಖರೇ ಅದ. ಇಲ್ಲಿ ನೋಡ್ಲಾಕತ್ತಿದ್ದು ನಮ್ಮೂರಿನ ಬಡತನನೇ" ಎಂದಳು. ನಾನು ಹೇಳಿದೆ, "ಹಂಗಾದ್ರ ಅಲ್ಲಿದು ಮುಗಿಸ್ಕೊಂಡು ಇಲ್ಲಿಗೂ ಬಾ. ಗಿಡ ನೋಡಿದ ಮ್ಯಾಲೆ ಬೇರೂ ನೋಡ್ಬೇಕಲ್ಲ."

ಬಂದಳು. 2019ರಲ್ಲಿ ಓದು ಮುಗಿದ ಮೇಲೆ ಒಂದು ತಿಂಗಳು ತವರಿನಲ್ಲಿದ್ದು ತನ್ನಷ್ಟಕ್ಕೆ ತಾನೇ ಶಹಾಬಾದಿನ ಒಂದು ಓಣಿಯ ಲೆಕ್ಕ ತೆಗೆದಳು. ಶಹಾಬಾದ್ ಎಂದರೆ ಹೊರಗಿನವರಿಗೆ ಕಲ್ಲು. ನಿಮ್ಮಲ್ಲಿ ಎಷ್ಟೋ ಜನ ನಿಂತಿರುವ ಅಡಿಗೆಮನೆಯ ನೆಲ ನಮ್ಮೂರಿನ ಪರಸಿಯೇ ಇರಬಹುದು. ಕಲ್ಲಿನ ಖಣಿ, ಸುಣ್ಣಕಲ್ಲು, ಅದರ ದೆಸೆಯಿಂದ ಸಿಮೆಂಟು. ವಾಡಿಯ ಎ.ಸಿ.ಸಿ. ಕಾರ್ಖಾನೆ 1968ರದು, ಸೇಡಮ್, ಮಳಖೇಡ, ಚಿತ್ತಾಪುರ ತಾಲೂಕಿನಲ್ಲೂ ಸಿಮೆಂಟಿನ ಚಿಮಣಿಗಳೇ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ಈಗ ಹೆಸರು ಸಿಮೆಂಟಿನಿಂದ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಕಾರ್ಖಾನೆ ಮುಚ್ಚಿದರೂ ಊರು ನಗರಸಭೆಯ ಊರೇ. ಇಲ್ಲೊಂದು ವಿಚಿತ್ರವಿದೆ. 2005ರಲ್ಲಿ ಬಂದ ಉದ್ಯೋಗ ಖಾತ್ರಿ ಕಾನೂನು ವರ್ಷಕ್ಕೆ 100 ದಿನದ ಕೂಲಿಯ ಭರವಸೆ ಕೊಟ್ಟಿತು, ಆದರೆ ಹಳ್ಳಿಯ ಕುಟುಂಬಗಳಿಗೆ ಮಾತ್ರ. ಶಹಾಬಾದು, ವಾಡಿ, ಚಿತ್ತಾಪುರ, ಸೇಡಮ್, ಚಿಂಚೋಳಿ ಪಟ್ಟಣದ ಗಡಿಯೊಳಗಿದ್ದ ಕೂಲಿಯವಳಿಗೆ ಅದು ಸಿಗಲಿಲ್ಲ. ಹಳ್ಳಿಯ ಬಡತನಕ್ಕೆ ಒಂದು ಖಾತೆ ಇದೆ. ಬೆಂಗಳೂರಿನ ಬಡತನಕ್ಕೆ ಓದುವವರಿದ್ದಾರೆ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯೂ ಅಲ್ಲೇ ಇದೆ. ನಡುವಿನ ಪಟ್ಟಣಗಳನ್ನು ಕೇಳುವವರು ಕಡಿಮೆ. 2002ರ ನಂಜುಂಡಪ್ಪ ಸಮಿತಿ 114 ತಾಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಬರೆಯಿತು. ಆಮೇಲೆ 371(ಜೆ) ಬಂತು, ಮಂಡಳಿ ಬಂತು. ತಾಲೂಕಿನ ಲೆಕ್ಕವಾಯಿತು. ಓಣಿಯ ಲೆಕ್ಕ?

ಮೊದಲ ದಿನ ಅವಳ ಜೊತೆ ಅಕ್ಕನೂ ನಾನೂ ಹೋದೆವು. ಅವಳ ಕಾಗದದಲ್ಲಿ ಮೊದಲ ಪ್ರಶ್ನೆ, "ನಿಮ್ಮ ಕುಟುಂಬದ ಮಾಸಿಕ ಆದಾಯ ಎಷ್ಟು?" ಕೇಳಿದ ಕೂಡಲೇ ಹೆಂಗಸರು ಒಳಗೆ ನೋಡುತ್ತಾರೆ, ಗಂಡಸರು ಮೇಲೆ ನೋಡುತ್ತಾರೆ. ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬರು ಹೇಳಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. "ಅಕ್ಕಾರ, ಒಳ್ಳೆಣ್ಣಿ ಪಾಕೀಟು ತರ್ತೀರೋ, ಬಿಡಿ ತರ್ತೀರೋ? ಹ್ವಾದ ಸಂತಿಗಿ ಏನ್ ತಂದ್ರಿ? ಸಿಲಿಂಡರ್ ಎಷ್ಟು ದಿನ ಬರ್ತದ?" ಎಂದು ಕೇಳಿದೆ. ಆಗ ನೋಡಿ, ಬಾಯಿ ಬಿಟ್ಟಿತು. ಎಣ್ಣೆ ಕಾಲು ಕಿಲೋ, ಅದೂ ಬಿಡಿ. ಸಿಲಿಂಡರು ಮೂಲೆಯಲ್ಲಿದೆ, ನೀರು ಕಾಯಿಸುವುದಕ್ಕೂ ರೊಟ್ಟಿಗೂ ಕಟ್ಟಿಗೆ. ಹಾಲು ಚಹಾಕ್ಕೆ ಮಾತ್ರ. ಬೇಳೆ ನಮ್ಮ ಜಿಲ್ಲೆಯದೇ ಪ್ರಸಿದ್ಧ ಬೇಳೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಆ ಮನೆಯಲ್ಲಿ ಸಾರು ಮಾತ್ರ ತಿಳಿ. ಅರ್ಧ ತಾಸಿನಲ್ಲಿ ಒಂದು ಸಂಸಾರದ ಪೂರ್ತಿ ಚಿತ್ರ ಬಂತು.

"ಸಣ್ಣವ್ವ, ಇದನ್ನ ನಮಗೂ ಹೇಳಿಕೊಟ್ಟಾರ. ಆದಾಯಕಿಂತ ಖರ್ಚು ಕೇಳ್ಬೇಕು, ಏಳು ದಿನದ್ದು, ಮೂವತ್ತು ದಿನದ್ದು ಬ್ಯಾರೆ ಬ್ಯಾರೆ ಕೇಳ್ಬೇಕು ಅಂತ. ನೀ ಓದಲಾರದೇ ಹ್ಯಾಂಗ್ ಕೇಳ್ದಿ?" ಎಂದು ಅವಳಿಗೆ ಆಶ್ಚರ್ಯ. ಇದರಲ್ಲಿ ಆಶ್ಚರ್ಯವೇನು? ದೇಶದ ಬಡತನದ ರೇಖೆ ಎಳೆಯುವುದು ಮನೆಖರ್ಚಿನ ಲೆಕ್ಕದ ಮೇಲೆ. ಆ ಲೆಕ್ಕ ಬರೆದಿಡುವವರು, ಬರೆಯದಿದ್ದರೂ ತಲೆಯಲ್ಲಿಟ್ಟುಕೊಂಡವರು ಯಾರು? ಸಂತೆಯ ಚೀಲ ಹಿಡಿದವರೇ ಅಲ್ಲವೇ?

ಆ ಓಣಿಯಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. "ಏನು ಕೆಲಸ ಮಾಡ್ತೀರಿ?" ಎಂದರೆ ಹೆಂಗಸರೆಲ್ಲರ ಉತ್ತರ ಒಂದೇ, "ಮನ್ಯಾಗೇ ಇರ್ತೀವ್ರಿ." ಹಾಗೆ ಹೇಳಿದವಳ ಅಂಗೈ ನೋಡಿದರೆ ಕಲ್ಲಿನ ಚಿಪ್ಪಿನಿಂದ ಸೀಳಿದ ಗೆರೆ. ಪಾಲಿಶ್ ಮಷೀನಿನ ಹತ್ತಿರ ಚೂರುಕಲ್ಲು ಹೊರುವವಳು, ಕೌದಿ ಹೊಲಿಯುವವಳು, ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು, ಎಲ್ಲರೂ ಮನೆಯಲ್ಲೇ ಇರುವವರು! ನಮ್ಮ ಹುಡುಗಿ ಒಬ್ಬೊಬ್ಬರದನ್ನೂ ಬೇರೆ ಬೇರೆ ಬರೆದುಕೊಂಡಳು. ಆ ಬರಹವನ್ನು ಕಚೇರಿಯೊಂದಕ್ಕೆ ಕೊಟ್ಟಾಗ ತೆಗೆದಿಟ್ಟುಕೊಂಡರು. ಓದಿದರೋ ಇಲ್ಲವೋ ಹೇಳಲಾರೆ.

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂದು ಮರುವರ್ಷವೇ ಗೊತ್ತಾಯಿತು. 2020ರ ಮಾರ್ಚಿನಲ್ಲಿ ದೇಶದಲ್ಲಿ ಕೊರೋನಾದಿಂದ ತೀರಿಕೊಂಡ ಮೊದಲನೆಯವರು ನಮ್ಮ ಕಲಬುರಗಿಯವರು. ಆಮೇಲೆ ಲಾಕ್‌ಡೌನ್. ಮೇ ತಿಂಗಳಲ್ಲಿ ಮುಂಬಯಿ ಕಡೆಯಿಂದ ನಮ್ಮ ತಾಲೂಕುಗಳವರು ಬಸ್ಸು, ಲಾರಿ, ರೈಲು ಸಿಕ್ಕಿದ್ದು ಹಿಡಿದು ಬಂದರು, ಸಿಗದವರು ನಡೆದರು. ಶಾಲೆ, ಹಾಸ್ಟೆಲುಗಳೆಲ್ಲ ತುಂಬಿಹೋದವು. ಇಷ್ಟು ಜನ ಊರು ಬಿಟ್ಟಿದ್ದರೇ ಎಂದು ಊರಿನವರೇ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆ ವರ್ಷ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ, ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಎಂದು ಕೇಳಿದಾಗ ಕೇಂದ್ರ ಸರಕಾರ ಅಂಥ ಮಾಹಿತಿ ಇಟ್ಟಿಲ್ಲವೆಂದು ಉತ್ತರ ಕೊಟ್ಟಿತು. ಮನೆಯಲ್ಲಿ ಒಂದು ಲೋಟ ಕಳೆದರೆ ನಾವು ಮೂರು ದಿನ ಹುಡುಕುತ್ತೇವೆ. ನೀಲಿ ತಾಡಪತ್ರಿಯ ಆ ತಾಂಡಾದವಳು ಆಗ ಊರು ಮುಟ್ಟಿದಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಅವಳ ಫೋನು ಹತ್ತಲೇ ಇಲ್ಲ.

ತಾಯಂದಿರು ಕೇಳುವುದು ಬೇರೆ ಪ್ರಶ್ನೆ ಎಂದು ನನಗೆ ಗೊತ್ತು. ನೌಕರಿ ಸಿಗುತ್ತದೆಯೇ? ಸಿಗುತ್ತದೆ, ಆದರೆ ಸರಕಾರಿ ನೌಕರಿಯಂತೆ ಗಟ್ಟಿಯಲ್ಲ. ಸಂಸ್ಥೆಗಳಲ್ಲಿ ವರ್ಷ ಎರಡು ವರ್ಷದ ಕೆಲಸ, ಮುಗಿದರೆ ಇನ್ನೊಂದು ಹುಡುಕಬೇಕು. ಕಂಪ್ಯೂಟರಿನವರಷ್ಟು ಸಂಬಳವಿಲ್ಲ. ಇಂಗ್ಲಿಷಿನದೊಂದು ತೊಂದರೆ, ನಮ್ಮವಳು ಮೊದಲ ಎರಡು ತಿಂಗಳು ಬಾಯಿಯೇ ಬಿಡಲಿಲ್ಲವಂತೆ. ಆಮೇಲೆ ಜನರ ಹತ್ತಿರ ಮಾತಾಡುವ ಕೆಲಸ ಬಂದಾಗ ಇಂಗ್ಲಿಷಿನವರೇ ಅವಳ ಹಿಂದೆ ಬಂದರು. ಅರ್ಜಿ ಹಾಕುವ ಮೊದಲು ಶುಲ್ಕ ಎಷ್ಟು, ರಿಯಾಯಿತಿ ಯಾರಿಗೆ, ಇರುವ ವ್ಯವಸ್ಥೆ ಏನು, ಹಿಂದಿನ ವರ್ಷ ಓದಿದ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ, ಇಷ್ಟನ್ನು ಕೇಳಿಸಿಕೊಳ್ಳಿ. ಕೇಳಿದರೆ ಒಳ್ಳೆಯ ಸಂಸ್ಥೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಬಿ.ಎಡ್. ಮಾಡಿದ ಹುಡುಗಿಯರು ಪರೀಕ್ಷೆ ಬರೆದು ಬರೆದು ವರ್ಷಗಟ್ಟಲೆ ಮನೆಯಲ್ಲಿ ಕೂತಿರುವುದನ್ನೂ ನಾನು ನೋಡಿದ್ದೇನೆ, ಆದ್ದರಿಂದ ಹಳೆಯ ದಾರಿಯೇ ಭದ್ರವೆಂದು ನನಗೇನೂ ಅನಿಸುವುದಿಲ್ಲ. ಮದುವೆಯ ಮಾತು ಬಿಡಿ. ಬಂದ ವರನ ಕಡೆಯವರೊಬ್ಬರು, "ಹುಡುಗಿ ಏನು ಓದ್ಯಾಳ್ರಿ?" ಎಂದಾಗ ನಮ್ಮಕ್ಕ, "ಬಡತನ" ಎಂದುಬಿಟ್ಟಳು. ಆ ಸಂಬಂಧ ಮುಂದಕ್ಕೆ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು.

ಈಗ ಅವಳು ಸಣ್ಣ ಪಟ್ಟಣಗಳ ನೀರಿನ ಸಮೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಬಳೆ ಬಿಡಿಸಿಕೊಟ್ಟಿದ್ದಾಳೆ. ಹೋದ ಸಲ ಊರಿಗೆ ಬಂದಾಗ ಸೇಡಮ್ಮಿಗೂ ಬಂದು ನಮ್ಮ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜನಗಣತಿಯ ಮಾತು ಹೇಳಿದಳು. ಮುಂದಿನ ಗಣತಿ 2027ರದು ಎಂದು ಸರಕಾರ ಗೊತ್ತುಮಾಡಿದೆ. ಹಿಂದಿನ ಗಣತಿಗಳಲ್ಲಿ ಮನೆಗೆಲಸ ಮಾತ್ರ ಮಾಡುವವಳನ್ನು ಕೆಲಸವಿಲ್ಲದವಳೆಂದೇ ಬರೆದುಕೊಂಡಿದ್ದಾರೆ. ಆದರೆ ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಕೂಲಿಯಿಲ್ಲದೆ ದುಡಿದರೂ ಅದು ಕೆಲಸವೇ. ವರ್ಷದಲ್ಲಿ ಕೆಲವೇ ತಿಂಗಳು ದುಡಿದರೂ ಅದಕ್ಕೆ ಬೇರೆ ಕಲಮು ಇರುತ್ತದೆ. ಬಾಗಿಲಿಗೆ ಬಂದವರು ಗಂಡಸರನ್ನೇ ಕೇಳಿ ಬರೆದುಕೊಂಡು ಹೋಗುವುದು ರೂಢಿ, ನೀವು ಮುಂದೆ ಬಂದು ಹೇಳಿ ಎಂದಳು.

ಪಕ್ಕದ ಮನೆಯವಳು ದಿನಕ್ಕೆ ನೂರು ನೂರೈವತ್ತು ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಸುಮ್ಮನೆ ಕೇಳುತ್ತಿದ್ದವಳು ಕೊನೆಗೆ, "ಹಂಗಾದ್ರ ಈ ಸಲ ನಾನೇ ಬಾಗಿಲಾಗ ನಿಂದರ್ತೀನಿ. ರೊಟ್ಟಿ ವ್ಯಾಪಾರ ಅಂತ ಬರಸ್ತೀನಿ" ಎಂದಳು.